ಮೆದು ತೋಟಾ

ಕಾಫಿ ವಿಪರೀತ ಸಿಹಿಯಾಗಿತ್ತು. ಐನಾರ್ ಒಂದು ಗುಟುಕು ಕುಡಿದು ಲೋಟವನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತ. ಸಕ್ಕರೆ ಹಾಕಿದ್ದು ಅವನಿಗೆ ನೆನಪಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತ್ತು. ಯಾವಳೋ ಹುಡುಗಿ, ಮನೆಯ ಸೂರಿಗೆ ಹೊಸ ತಗಡು ಹಾಕಿಸುತ್ತೀರಾ ಎಂದು ಕೇಳಿದ್ದಳು. ಬೇಡವೆಂದು ಇಟ್ಟುಬಿಡಬಹುದಾಗಿದ್ದ ಫೋನನ್ನು ಹಿಡಿದುಕೊಂಡು ಅವನು ತನ್ನ ಸೂರಿನ ಚರಿತ್ರೆಯನ್ನೆಲ್ಲ ಹೇಳಿದ್ದ. ಮಾತಿಗೆ ಸಿಕ್ಕವರನ್ನು ಬಿಟ್ಟುಕೊಡುವುದು ಈಗೀಗ ಅವನಿಗೆ ಕಷ್ಟವಾಗುತ್ತಿತ್ತು. ಕೊನೆಗೆ ಆ ಹುಡುಗಿಯೇ ಸಾಕಾಗಿ ಇಟ್ಟಳು. ತಿರುಗಿ ಬಂದು ಕೂತ. ಮತ್ತೆ ಸಕ್ಕರೆ ಹಾಕಿದೆನೆ? ಹಾಕಿದ್ದು ಕೈಗೆ ನೆನಪಿರಲಿಲ್ಲ, ಕಣ್ಣಿಗೆ ನೆನಪಿರಲಿಲ್ಲ. ನಾಲಗೆ ಮಾತ್ರ ಹಾಕಿದ್ದೀಯೆ ಎನ್ನುತ್ತಿತ್ತು. ಅರವತ್ತೊಂಬತ್ತು ವರ್ಷದವನು ಕಾಫಿಗೆ ಎರಡು ಸಲ ಸಕ್ಕರೆ ಹಾಕಿಕೊಂಡರೆ ಲೋಕವೇನೂ ಮುಳುಗುವುದಿಲ್ಲ ಎಂದುಕೊಂಡು ಅವನು ಲೋಟವನ್ನು ಮತ್ತೆ ಎತ್ತಿದ. ಎತ್ತಿದ್ದೇ ಎದೆ ಧಸಕ್ಕೆಂದಿತು. ಸಕ್ಕರೆಗಲ್ಲ. ಮಂಗಳವಾರ ನೆಲಮಾಳಿಗೆಯಲ್ಲಿ ಕೂತು ನಾದಿನಿ ಆರ್ಡಿಸಳ ರೈಫಲ್ಲಿಗೆಂದು ತೋಟಾ ತುಂಬಿಸುವಾಗಲೂ ಹೀಗೆಯೇ ನಡುವೆ ಎದ್ದು ಹೋಗಿದ್ದ. ಹೀಗೆಯೇ ತಿರುಗಿ ಬಂದು ಕೂತಿದ್ದ. ಆಮೇಲೆ ಎಲ್ಲಿಂದ ಶುರುಮಾಡಿದೆ? ಮದ್ದು ಹಾಕಿದ್ದ ಕೊಳವೆಗೇ ಮತ್ತೆ ಮದ್ದು ಹಾಕಿದೆನೆ?

ಅವನು ಕಣ್ಣು ಮುಚ್ಚಿ ಆ ಮೇಜನ್ನು ಕಾಣಲು ಪ್ರಯತ್ನಿಸಿದ. ಗುಳಿ ಕೊರೆದ ಮರದ ಹಲಗೆ, ಗುಳಿಗೊಂದರಂತೆ ಬಾಯಿ ತೆರೆದು ನಿಂತ ಹಿತ್ತಾಳೆ ಕೊಳವೆಗಳು, ಒಂದೊಂದರ ಬುಡಕ್ಕೂ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ ಆಗಿದೆ. ಎಡಕ್ಕೆ ತಕ್ಕಡಿ, ಬಲಕ್ಕೆ ಒಂದೇ ಒಂದು ಮದ್ದಿನ ಡಬ್ಬಿ. ಮೇಜಿನ ಮೇಲೆ ಎರಡು ಡಬ್ಬಿ ಇಡಬಾರದು ಎಂಬುದನ್ನು ಅವನು ಚರ್ಚಿನ ನೆಲಮಾಳಿಗೆಯಲ್ಲಿ ತೋಟಾ ತುಂಬಿಸುವುದನ್ನು ಕಲಿಯಲು ಬಂದ ಎಷ್ಟು ಜನರಿಗೆ ಪಾಠ ಹೇಳಿಲ್ಲ. ಮಾಮೂಲು ತೋಟಾ ಆಗಿದ್ದರೆ ಹೆದರಬೇಕಾಗಿರಲಿಲ್ಲ. ಅದರ ಮದ್ದು ಕೊಳವೆಯ ಕತ್ತಿನವರೆಗೂ ಬರುತ್ತದೆ, ಎರಡು ಸಲ ಸುರಿದರೆ ತುಳುಕಿ ಮೇಜಿನ ಮೇಲೆ ಚೆಲ್ಲುತ್ತದೆ, ಕುರುಡನಿಗೂ ಗೊತ್ತಾಗುತ್ತದೆ. ಆದರೆ ಆರ್ಡಿಸಳದು ಮೆದು ತೋಟಾ. ಹೋದ ಚಳಿಗಾಲ ಕೊಟ್ಟಿಗೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಭುಜ ಮುರಿದುಕೊಂಡು ಉಕ್ಕಿನ ಪಟ್ಟಿ ಹಾಕಿಸಿಕೊಂಡವಳು ಅವಳು. ಅವಳಪ್ಪನ ಹಳೆಯ ರೈಫಲ್ಲು ಹೊಡೆದಾಗ ಹಿಂದಕ್ಕೆ ಒದ್ದರೆ ತಡೆಯಲಾರಳು, ಬೇರೆ ರೈಫಲ್ಲನ್ನು ಮುಟ್ಟಲೊಲ್ಲಳು. ಅದಕ್ಕೇ ಉದ್ದನೆಯ ಕೊಳವೆಯ ತಳದಲ್ಲಿ ಒಂದು ಚಿಟಿಕೆ ಚುರುಕು ಮದ್ದು. ಎರಡು ಚಿಟಿಕೆ ಬಿದ್ದರೂ ಅದು ಅಷ್ಟೇ ತೆಪ್ಪಗೆ ತಳದಲ್ಲಿ ಮಲಗಿರುತ್ತದೆ, ಮೇಲಿನಿಂದ ಗೊತ್ತಾಗುವುದಿಲ್ಲ. ಕೋವಿಯ ಕುದುರೆ ಎಳೆದಾಗ ಮಾತ್ರ ಗೊತ್ತಾಗುತ್ತದೆ, ಆಗ ಅದರ ಹಿಂಬದಿ ಹೊಡೆಯುವವರ ಮುಖದ ಮೇಲೆ ಸಿಡಿದಿರುತ್ತದೆ. ಅದಕ್ಕೆಂದೇ ಒಂದು ನೇಮವಿದೆ: ಗುಂಡು ಕೂರಿಸುವ ಮೊದಲು ಟಾರ್ಚು ಹಿಡಿದು ಪ್ರತಿ ಕೊಳವೆಯ ಬಾಯಿಯೊಳಗೆ ನೋಡಬೇಕು, ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಇರಬೇಕು. ಟಾರ್ಚು ಹಿಡಿದೆನೆ? ಟಾರ್ಚು ಮೇಜಿನ ಮೇಲೆ ಇದ್ದದ್ದು ಕಾಣುತ್ತಿತ್ತು. ಅದನ್ನು ಎತ್ತಿದ ಕೈ ಕಾಣುತ್ತಿರಲಿಲ್ಲ.

ಎದ್ದು ಹೋದದ್ದು ಯಾಕೆ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು. ಅದನ್ನು ನೆನೆಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಮದುವೆಯಾದ ಹೊಸದರಲ್ಲೇ ಅವನು ಮಾವಿಸಳಿಗೆ ಹೇಳಿಬಿಟ್ಟಿದ್ದ, ಮದ್ದು ಅಳೆಯುವಾಗ ನನ್ನನ್ನು ಮಾತಾಡಿಸಬೇಡ ಎಂದು. ಅವಳು ಸೆಟೆಯಲಿಲ್ಲ, ವಾದ ಹಾಕಲಿಲ್ಲ. ಏನಾದರೂ ಹೇಳುವುದಿದ್ದರೆ ಮೆಟ್ಟಿಲಿಳಿದು ಕೊನೆಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು, ಅವನು ತಲೆ ಎತ್ತುವವರೆಗೆ. ಕಾಲಿಗೆ ಬರೀ ಉಣ್ಣೆಯ ಚೀಲ, ಆದರೂ ಅವಳು ಬಂದು ನಿಂತದ್ದು ಅವನಿಗೆ ತಿಳಿಯುತ್ತಿತ್ತು. ತಿಳಿದ ಮೇಲೂ ಇನ್ನೆರಡು ಕೊಳವೆ ಆಗಲಿ, ಇನ್ನೊಂದು ಆಗಲಿ ಎಂದು ಸುಮ್ಮನೆ ಕಾಯಿಸುತ್ತಿದ್ದ. ನನಗಾಗಿ ಒಬ್ಬಳು ಕಾಯುತ್ತಿದ್ದಾಳೆ ಎಂಬ ಒಂದು ಹಾಳು ಸುಖ. ಕೆಲವು ಸಲ ತಲೆ ಎತ್ತುವ ಹೊತ್ತಿಗೆ ಅವಳು ಹೋಗಿರುತ್ತಿದ್ದಳು. ಏನು ಹೇಳಲು ಬಂದಿದ್ದೆ ಎಂದು ಅವನು ಮೇಲೆ ಹೋಗಿ ಕೇಳಿದ್ದುಂಟೆ? ಇಲ್ಲ. ಊಟಕ್ಕೆ ಕೂತಾಗ ಅವಳಾಗಿ ಹೇಳಿದರೆ ಹೇಳಿದಳು. ಅವಳು ತೀರಿಹೋಗಿ ಮೂರು ಚಳಿಗಾಲ ಆಯಿತು. ಈ ಮಂಗಳವಾರ ಅಳತೆಯ ಚಮಚ ಕೈಯಲ್ಲಿರುವಾಗ ಉಣ್ಣೆಯ ಹೆಜ್ಜೆ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಿತು. ಅವನು, ಒಂದು ದಿನವೂ ಹಾಗೆ ಮಾಡದಿದ್ದವನು, ಚಮಚವನ್ನು ಅಲ್ಲೇ ಇಟ್ಟು ಥಟ್ಟನೆ ತಿರುಗಿ, "ಬಂದೆ ಮಾವಿಸ್," ಎಂದ. ಎಂದವನು ಎದ್ದೇಬಿಟ್ಟ, ಮೆಟ್ಟಿಲು ಹತ್ತಿದ, ಅಡುಗೆಮನೆಗೆ ಹೋಗಿ ನಿಂತ. ಫ್ರಿಜ್ಜು ಗುಂಯ್ಯೆನ್ನುತ್ತಿತ್ತು. ಸಿಂಕಿನಲ್ಲಿ ಬೆಳಗಿನ ತಟ್ಟೆ ಒಂದೇ. ಕಿಟಕಿಯಾಚೆ ಕುಯ್ದ ಗೋಧಿಯ ಕೂಳೆ, ಆಚೆ ಮೊಂಟಾನಾದ ಬೋಳು ಆಕಾಶ. ಯಾರೂ ನೋಡುತ್ತಿರಲಿಲ್ಲ, ಆದರೂ ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಕೆಳಗೆ ಬಂದು ಏನೋ ಮುಚ್ಚಿಡುವವನ ಹಾಗೆ ಬೇಗಬೇಗ ಉಳಿದ ಕೊಳವೆಗಳಿಗೆ ಮದ್ದು ಸುರಿದು, ಬೇಗಬೇಗ ಗುಂಡು ಕೂರಿಸಿ, ಡಬ್ಬಿಗೆ ಹಾಕಿ, ಮರುದಿನವೇ ಒಯ್ದು ಆರ್ಡಿಸಳ ಕೈಗೆ ಕೊಟ್ಟು ಬಂದ. ಎಂದಿನಂತೆ ಅವಳು ಅದನ್ನು ತೆರೆದೂ ನೋಡದೆ ಕಪಾಟಿನಲ್ಲಿಟ್ಟಳು.

ತೆರೆದೂ ನೋಡದೆ. ಆ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಇನ್ನೊಬ್ಬನ ಹಲ್ಲುಜ್ಜುವ ಬ್ರಷ್ಷು, ಇನ್ನೊಬ್ಬ ತುಂಬಿಸಿದ ತೋಟಾ, ಎರಡನ್ನೂ ಮುಟ್ಟಬಾರದು ಎಂದು ಅಲ್ಲಿಯ ಮಾತು. ಅಣ್ಣ ತಮ್ಮಂದಿರು ಕೂಡ ಒಬ್ಬರು ತುಂಬಿಸಿದ್ದನ್ನು ಇನ್ನೊಬ್ಬರು ಹೊಡೆಯುವುದಿಲ್ಲ, ಬೇಸರವೂ ಮಾಡಿಕೊಳ್ಳುವುದಿಲ್ಲ. ಮಾವಿಸಳ ತಂಗಿ ಆರ್ಡಿಸ್ ಒಬ್ಬಳೇ ಐನಾರ್ ಕೊಟ್ಟದ್ದನ್ನು ಕಣ್ಣು ಮುಚ್ಚಿ ಕೋವಿಗೆ ಹಾಕುವವಳು. ಅಕ್ಕ ಸತ್ತ ಮೇಲೆ ಆ ಮನೆಗೂ ಈ ಮನೆಗೂ ಉಳಿದ ದಾರಿ ಅದೊಂದೇ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ಅವಳು ವರ್ಷಕ್ಕೊಂದು ಜಿಂಕೆ ಹೊಡೆಯುತ್ತಾಳೆ, ಚಳಿಗಾಲವಿಡೀ ಅದನ್ನೇ ತಿನ್ನುತ್ತಾಳೆ, ಒಂದು ಪಾಲು ತಂದುಕೊಡುತ್ತಾಳೆ. ಬೇಟೆಯ ಹಂಗಾಮು ನಾಳೆ ಬೆಳಿಗ್ಗೆ ಶುರು. ಅವನು ಕಾಫಿಯನ್ನು ಸಿಂಕಿಗೆ ಚೆಲ್ಲಿ ಫೋನು ಎತ್ತಿಕೊಂಡ.

"ಯಾರು?"

"ನಾನು."

"ಗೊತ್ತಾಯ್ತು ಬಿಡು. ನೀನು ಬಾಯಿ ತೆಗೆಯೋಕೆ ಮುಂಚೆ ನಿನ್ನ ಉಸಿರು ಬರುತ್ತೆ ಫೋನಲ್ಲಿ. ಏನು ಐನಾರ್?"

"ಏನಿಲ್ಲ. ಗಾಳಿ ಹೇಗಿದೆ ಆ ಕಡೆ?"

"ಹದಿನೈದು ಮೈಲಿ ಆಚೆ ಬೇರೆ ಗಾಳಿ ಬೀಸುತ್ತಾ ಮಾರಾಯ? ನಿನ್ನ ಕಿಟಕೀಲೇ ನೋಡ್ಕೋ."

"ಅದಲ್ಲ, ತೋಟಾ ಹೊಡೆದು ನೋಡಿದ್ಯಾ ಅಂತ."

"ಎಲ್ಲಿ, ಇನ್ನೂ ಇಲ್ಲ. ಮಧ್ಯಾಹ್ನ ನಾಲ್ಕು ತೋಟಾ ಹೊಡೆದು ಗುರಿ ಸರಿಮಾಡ್ಕೋತೀನಿ. ಬಟ್ಟೆ ಹರವಬೇಕು, ಒಲೇಲಿ ಬ್ರೆಡ್ಡಿದೆ. ಯಾಕೆ, ನಿನ್ನ ಕೈ ಮೇಲೆ ನಿನಗೇ ನಂಬಿಕೆ ಹೋಯ್ತಾ?" ಎಂದು ಅವಳು ನಕ್ಕಳು.

ಈಗ ಹೇಳಬೇಕಾಗಿತ್ತು. ಒಂದೇ ಮಾತು: ಹೊಡೆಯಬೇಡ, ಬರುತ್ತಿದ್ದೇನೆ. ನಾಲಗೆಯ ತುದಿಗೆ ಬಂದಿತ್ತು. ಆದರೆ ಯಾಕೆ ಎಂದು ಅವಳು ಕೇಳುತ್ತಾಳೆ, ಕೇಳದೆ ಬಿಡುವವಳಲ್ಲ, ಆಗ ಹೆಜ್ಜೆಯ ಸದ್ದಿನ ವಿಷಯ ಹೇಳಬೇಕು, ಬಂದೆ ಎಂದದ್ದನ್ನು ಹೇಳಬೇಕು. ಅವನು, "ಛೆ, ಹಾಗೇನಿಲ್ಲ, ಸುಮ್ನೆ ಕೇಳ್ದೆ," ಎಂದು ಫೋನು ಇಟ್ಟ. ಇಟ್ಟ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮಧ್ಯಾಹ್ನ ಎಂದಿದ್ದಾಳೆ, ಇನ್ನೂ ಹೊತ್ತಿದೆ. ಅಷ್ಟರಲ್ಲಿ ಅಂಗಡಿಯಿಂದ ಹೊಸ ಡಬ್ಬಿ ತೆಗೆದುಕೊಂಡು ಹೋಗಿ, ಇದು ಇನ್ನೂ ಚೆನ್ನಾಗಿದೆ ಎಂದು ಕೊಟ್ಟು, ಹಳೆಯದನ್ನು ವಾಪಸು ತಂದರೆ ಆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಜೀವ ಉಳಿಸುವ ಒಂದು ಮಾತಿನ ಮುಂದೆ ತನ್ನ ಮಾನವನ್ನಿಟ್ಟು ತೂಗುತ್ತಿದ್ದೇನೆ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಅವನು ಗಾಡಿಯನ್ನು ಪೇಟೆಯ ಕಡೆಗೇ ತಿರುಗಿಸಿದ.

ಡೆಲ್ಬರ್ಟನ ಅಂಗಡಿಯಲ್ಲಿ ಮೊಳೆ, ಬೇಲಿ ತಂತಿ, ದನದ ಔಷಧಿ, ಬೇಟೆಯ ಸಾಮಾನು ಎಲ್ಲ ಒಂದೇ ಸೂರಿನ ಕೆಳಗೆ. ಹಂಗಾಮಿನ ಹಿಂದಿನ ದಿನವಾದ್ದರಿಂದ ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಅಂಗಿಗಳನ್ನು ಎಳೆದಾಡುತ್ತಿದ್ದ ನಾಲ್ಕಾರು ಮಂದಿ ಇದ್ದರು. ಅವರಲ್ಲಿ ಅರ್ಧದಷ್ಟು ಜನ ಐನಾರನ ಹತ್ತಿರವೇ ಪಾಠ ಹೇಳಿಸಿಕೊಂಡವರು.

"ಏನು ಕೊಡ್ಲಿ ಮೇಷ್ಟ್ರೇ, ಕೇಪಾ, ಮದ್ದಾ?" ಎಂದು ಡೆಲ್ಬರ್ಟ್ ಕೇಳಿದ.

"ಒಂದು ಡಬ್ಬಿ ತೋಟಾ," ಎಂದ ಐನಾರ್. ಯಾವುದೆಂದು ಹೇಳಿದ.

ಡೆಲ್ಬರ್ಟ್ ಕೈಯಲ್ಲಿದ್ದ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಅಂಗಡಿಗೆಲ್ಲ ಕೇಳುವ ಹಾಗೆ, "ನೋಡ್ರಪ್ಪಾ, ಬೇಕರಿಯವ್ರು ನಮ್ಮಂಗಡಿ ಬ್ರೆಡ್ಡು ಕೇಳ್ತಿದಾರೆ," ಎಂದ. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಅಂಥ ನಗುವಿಗೆ ತಿರುಗಿ ಏನಾದರೂ ಅನ್ನುವುದು ಅವನಿಗೂ ಬರುತ್ತಿತ್ತು. ಈಗ ಬರಲಿಲ್ಲ.

"ಖಾಲಿ ಕೊಳವೆ ಬೇಕಾಗಿತ್ತು. ಹೊಡೆದು ಕೊಳವೆ ಇಟ್ಕೋತೀನಿ," ಎಂದ.

"ಹಾಗನ್ನಿ. ನಾನೆಲ್ಲೋ ಕೈ ನಡುಗೋಕೆ ಶುರುವಾಯ್ತು ಅಂದ್ಕೊಂಡೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಐನಾರ್ ಗಲ್ಲಾ ಮೇಜಿನ ಮೇಲಿದ್ದ ಕೈಯನ್ನು ಸರಕ್ಕನೆ ಜೇಬಿಗೆ ಹಾಕಿಕೊಂಡ. ಡೆಲ್ಬರ್ಟ್ ಅದನ್ನು ನೋಡಿದನೋ ಇಲ್ಲವೋ. "ಮೆದುವಾಗಿರೋದು ಇದ್ಯಾ? ಕಡಿಮೆ ಒದೆಯೋದು?" ಎಂದು ಐನಾರ್ ದನಿ ತಗ್ಗಿಸಿ ಕೇಳಿದ.

"ಬಾಗಿಲು ಹಾಕೋ ಹೊತ್ತಿಗೆ ಬಂದು ಒಳ್ಳೇ ಸೀಟು ಕೇಳ್ತೀರಲ್ಲ ಮೇಷ್ಟ್ರೇ. ಉಳಿದಿರೋದು ಇದೊಂದೇ. ಭಾರಿ ಗುಂಡಿಂದು. ಕತ್ತೆ ಒದ್ದ ಹಾಗೆ ಒದೆಯುತ್ತೆ. ಕೊಳವೆಗೆ ತಾನೇ, ನಿಮಗೇನು."

ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ಅವನು ಜಲ್ಲಿ ರಸ್ತೆಯಲ್ಲಿ ಹೋದ. ಅಂಗಡಿಯ ಹೊಸ ರಟ್ಟು, ಅದರ ಮೇಲೆ ಕೊಂಬಿನ ಜಿಂಕೆಯ ಚಿತ್ರ. ನಲವತ್ತು ವರ್ಷಗಳಲ್ಲಿ ಇಂಥದೊಂದು ಡಬ್ಬಿ ಅವನ ಗಾಡಿ ಹತ್ತಿರಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಅವನು ಹೇಳುತ್ತಿದ್ದ ಮಾತು ಅವನ ದನಿಯಲ್ಲೇ ಕೇಳಿಬಂತು: ಸಂಶಯ ಬಂತೋ, ಬಿಚ್ಚಿಬಿಡಿ; ಇರಬಹುದು ಇರಲಾರದು ಅಂತ ಕೂರಬೇಡಿ, ಸಂಶಯವೇ ಸಾಕ್ಷಿ. ಎಷ್ಟು ಸಲೀಸಾಗಿ ಹೇಳಿಬಿಡುತ್ತಿದ್ದೆ. ಮುಗಿದ ತೋಟಾವನ್ನು ತೂಗಿ ಕಂಡುಹಿಡಿಯೋಣವೆಂದರೆ ಆರ್ಡಿಸಳ ಕೊಳವೆಗಳು ಅವಳಪ್ಪನ ಕಾಲದಿಂದ ಕೂಡಿಟ್ಟ ಹತ್ತೂರ ಹಿತ್ತಾಳೆ, ಒಂದು ದಪ್ಪ ಒಂದು ತೆಳು. ಆ ವ್ಯತ್ಯಾಸದೊಳಗೇ ಒಂದು ಚಿಟಿಕೆ ಮದ್ದು ಅಡಗಿಹೋಗುತ್ತದೆ. ಬಿಚ್ಚುವುದೊಂದೇ ದಾರಿ. ಎಡಕ್ಕೆ ಧಾನ್ಯದ ಕಣಜಗಳು ಹೋದವು, ತಾನು ಮೂವತ್ತು ವರ್ಷ ದುಡಿದು ಧೂಳು ಕುಡಿದ ಜಾಗ, ಈಗ ಬೀಗ. ಮಾವಿಸ್ ಇದೇ ಸೀಟಿನಲ್ಲಿ ಕೂತು ಒಮ್ಮೆ ಕೇಳಿದ್ದಳು, ಆ ಚಮಚದಲ್ಲಿ ಅಳೆಯೋವಾಗ ನಿನಗೆ ಏನನ್ನಿಸುತ್ತೆ ಅಂತ. ಏನೂ ಅನ್ನಿಸಲ್ಲ ಎಂದಿದ್ದ. ಅದು ನಿಜವಾಗಿತ್ತು, ಅದಕ್ಕೇ ಇಷ್ಟವಾಗಿತ್ತು. ಏನೂ ಅನ್ನಿಸದ ಒಂದು ಜಾಗ ಆ ಮನೆಯಲ್ಲಿ ಅವನಿಗೆ ಬೇಕಾಗಿತ್ತು. ಅವಳಿಗೆ ಅಂಥ ಜಾಗ ಯಾವುದಿತ್ತು ಎಂದು ಈಗ ಯೋಚನೆ ಬಂತು.

ಆರ್ಡಿಸಳ ಗೇಟಿನ ಹತ್ತಿರ ಗಾಡಿ ನಿಧಾನ ಮಾಡುವಾಗಲೇ ಕೋವಿಯ ಈಡಿನ ಸದ್ದು ಕೇಳಿತು.

ಅವನು ಗಾಡಿಯನ್ನು ಸೀದಾ ಕೊಟ್ಟಿಗೆಯ ಹಿಂದಕ್ಕೆ ಓಡಿಸಿದ. ಆ ಗಾಬರಿಯಲ್ಲೂ, ನಾಚಿಕೆಗೇಡು, ಅವನ ಕಿವಿ ಆ ಸದ್ದನ್ನು ಹಿಡಿದು ಪರೀಕ್ಷೆ ಮಾಡಿತು: ಚಿಕ್ಕದು, ದುಂಡಗಿನದು, ಒಳ್ಳೆಯ ಸದ್ದು. ಸರಿಯಾಗಿದೆ. ಕೊಟ್ಟಿಗೆಯ ಹಿಂದಿನ ದಿಬ್ಬದ ಬುಡದಲ್ಲಿ ರಟ್ಟಿನ ಪೆಟ್ಟಿಗೆ. ಇತ್ತ ಹಳೆಯ ಮೇಜಿನ ಮೇಲೆ ಗೋಣಿಚೀಲಗಳ ಮೇಲೆ ರೈಫಲ್ಲಿಟ್ಟು ಆರ್ಡಿಸ್ ಕೂತಿದ್ದಳು, ತಲೆಗೆ ಅವಳಪ್ಪನ ಕಿವಿ ಮುಚ್ಚುವ ಟೋಪಿ. ಅವಳು ಬೋಲ್ಟು ಎಳೆದಳು, ಖಾಲಿ ಕೊಳವೆ ಚಿಮ್ಮಿತು, ಇನ್ನೊಂದನ್ನು ಒಳಗೆ ದೂಡಿದಳು. ಐನಾರ್ ಹಾರನ್ನಿನ ಮೇಲೆ ಅಂಗೈಯೂರಿ ಹಾಗೇ ಹಿಡಿದ. ದಿಬ್ಬದಿಂದ ಕಾಗೆಗಳೆದ್ದವು. ಅವಳು ಬೆಚ್ಚಿ ತಲೆಯೆತ್ತಿ, ಬೆರಳನ್ನು ಕುದುರೆಯಿಂದ ತೆಗೆದು, ಟೋಪಿಯ ಕಿವಿ ಎತ್ತಿಕೊಂಡಳು.

"ಏನು, ಮನೆಗೆ ಬೆಂಕಿ ಬಿತ್ತಾ?" ಎಂದಳು ಅವನು ಹತ್ತಿರ ಬಂದ ಮೇಲೆ. "ಹಿಟ್ಟು ಉಬ್ಬಲಿಲ್ಲ, ಬ್ರೆಡ್ಡು ಕಲ್ಲಾಯ್ತು, ಅದಕ್ಕೆ ಬೇಗ ಬಂದೆ ಇಲ್ಲಿಗೆ. ನೋಡು, ಹೊಡೆದ ಮೂರೂ ಒಂದು ಬಿಲ್ಲೆಯೊಳಗೆ ಬಿದ್ದಿವೆ. ಭುಜಕ್ಕೆ ಗೊತ್ತೇ ಆಗಲ್ಲ, ಬೆಕ್ಕು ತಲೆ ಒರೆಸಿದ ಹಾಗೆ."

"ಹೊಸದು ತಂದಿದೀನಿ," ಎಂದು ಅವನು ಡಬ್ಬಿ ಚಾಚಿದ. "ಇದು ಇನ್ನೂ ಚೆನ್ನಾಗಿದೆ. ಅದನ್ನ ಕೊಟ್ಬಿಡು."

ಅವಳು ಡಬ್ಬಿಯ ಮೇಲಿನ ಜಿಂಕೆಯನ್ನೂ ಅವನ ಮುಖವನ್ನೂ ನೋಡಿದಳು. "ಅಂಗಡೀದು? ನೀನು? ಇದನ್ನ ಹೊಡೆದ್ರೆ ನನ್ನ ಭುಜ ಕಳಚಿ ಕೈಗೆ ಬರುತ್ತೆ."

"ಅದರ ಮದ್ದಿಗೆ ತೇವ ತಾಕಿತ್ತು ಅನ್ಸುತ್ತೆ."

"ಈ ಊರಲ್ಲಿ ತೇವ? ಎಲ್ಲಿಂದ ತರಿಸ್ದೆ? ಐನಾರ್, ನಿನಗೆ ಸುಳ್ಳು ಹೇಳೋಕೆ ಬರಲ್ಲ, ಮಾವಿಸ್ ಹೇಳ್ತಾನೇ ಇದ್ಲು. ಸರಿ ಆಚೆ, ಇನ್ನೊಂದು ಹೊಡೆದು ಎದ್ದೇಳ್ತೀನಿ, ಕಾಫಿ ಕುಡಿಯೋಣ." ಅವಳು ಕೆನ್ನೆಯನ್ನು ಮತ್ತೆ ರೈಫಲ್ಲಿನ ಹಿಡಿಗೆ ಒರಗಿಸಿದಳು.

ಆಗ ಅವನು ಹೋಗಿ ಕೋವಿಯ ಬಾಯಿಯ ಮುಂದೆ ನಿಂತ. ತುಂಬಿದ ಕೋವಿಯ ಮುಂದೆ ಹಾಯಬಾರದು ಎಂದು ಊರಿಗೆಲ್ಲ ಹೇಳಿಕೊಟ್ಟವನು, ಒಬ್ಬ ಹಾದದ್ದಕ್ಕೆ ಅವನನ್ನು ಕತ್ತು ಹಿಡಿದು ಹೊರಗೆ ಹಾಕಿದವನು. ಆರ್ಡಿಸಳ ಮುಖದ ಬಣ್ಣವೇ ಹೋಯಿತು. ಅವಳು ಬೋಲ್ಟು ಎಳೆದು, ಗುಂಡಿರುವ ಆ ತೋಟಾವನ್ನು ಹೊರತೆಗೆದು, ಅಂಗೈಯಲ್ಲಿ ಹಿಡಿದುಕೊಂಡು ಕಾದಳು. ಅವನು ಹೇಳಿದ. ನಿಂತಲ್ಲೇ, ದಿಬ್ಬಕ್ಕೆ ಬೆನ್ನು ಮಾಡಿ, ಬೂಟುಗಳನ್ನು ನೋಡುತ್ತ ಹೇಳಿದ. ತುಂಬಿಸುವಾಗ ನಡುವೆ ಎದ್ದು ಹೋಗಿದ್ದೆ, ಎರಡು ಸಲ ಮದ್ದು ಬಿದ್ದಿರಬಹುದು, ಟಾರ್ಚು ಹಿಡಿದದ್ದು ನೆನಪಿಲ್ಲ, ಬೆಳಿಗ್ಗೆ ಫೋನಿನಲ್ಲೇ ಹೇಳಬೇಕಾಗಿತ್ತು, ಹೇಳಲಿಲ್ಲ.

"ನೀನು ನಡುವೆ ಎದ್ದು ಹೋಗೋನಲ್ವಲ್ಲ," ಎಂದಳು ಅವಳು.

"ಮಾವಿಸ್ ಬಂದು ನಿಂತ ಹಾಗಾಯ್ತು."

ಗಾಳಿಗೆ ಹಗ್ಗದ ಮೇಲಿನ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಆರ್ಡಿಸ್ ಆ ತೋಟಾವನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದಳು. "ಏನಂದ್ಲು?" ಎಂದು ಕೇಳಿದಳು, ಎಷ್ಟು ಮೆಲ್ಲಗೆ ಎಂದರೆ ಗೇಲಿಯಲ್ಲವೆಂದು ಅವನಿಗೆ ಗೊತ್ತಾಯಿತು.

"ಅವಳು ಏನೂ ಅನ್ನಲಿಲ್ಲ. ಬಂದೆ ಅಂತ ನಾನೇ ಅಂದೆ. ಎದ್ದು ಹೋದೆ."

"ಹೂಂ," ಎಂದಳು. ಮೂರು ಸಲ ಕೋವಿಗೆ ಒರಗಿ ಅದೃಷ್ಟ ಪರೀಕ್ಷಿಸಿದ ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡಳು. ಆ ಕೈಯನ್ನು ಅವನು ನೋಡಬಾರದಿತ್ತು, ನೋಡಿದ.

ತೋಟಾ ಬಿಚ್ಚಲು ಅವಳೂ ಅವನ ಮನೆಗೆ ಬಂದಳು, ನಾನೇ ನೋಡಬೇಕು ಎಂದು. ಅವನ ನೆಲಮಾಳಿಗೆಗೆ ಅವಳು ಇಳಿದದ್ದು ಅದೇ ಮೊದಲು. ಕನ್ನಡಕ ಹಾಕಿಕೋ ಎಂದು ಒಂದನ್ನು ಕೊಟ್ಟು ತಾನೂ ಒಂದು ಹಾಕಿಕೊಂಡ. ಗುಂಡು ಕೀಳುವ ಸುತ್ತಿಗೆಯ ಪೊಳ್ಳು ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ಕೊರಡಿಗೆ ಬಡಿದರೆ ಗುಂಡು ಸಡಿಲಗೊಂಡು ಬೀಳುತ್ತದೆ, ಹಿಂದೆಯೇ ಮದ್ದು. ಅದನ್ನು ತಕ್ಕಡಿಯ ತಟ್ಟೆಗೆ ಸುರಿದು ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿಯಬೇಕು. ಮೊದಲನೆಯದು ಸರಿ. ಎರಡನೆಯದು ಸರಿ. ಮುಳ್ಳು ತೂಗಿ ತೂಗಿ ಹೋಗಿ ಅದೇ ಗೀಟಿನ ಮೇಲೆ ನಿಲ್ಲುತ್ತಿತ್ತು. ಆರ್ಡಿಸ್ ಅವನ ಹೆಗಲ ಹಿಂದಿನಿಂದ ಬಗ್ಗಿ ನೋಡುತ್ತಿದ್ದಳು, ಅವಳ ಅಂಗಿಯಿಂದ ಸುಟ್ಟ ಬ್ರೆಡ್ಡಿನ ವಾಸನೆ ಬರುತ್ತಿತ್ತು. ನಾಲ್ಕೈದು ಆಗುವಷ್ಟರಲ್ಲಿ ಐನಾರನಿಗೆ ತನ್ನೊಳಗೆ ಏನೋ ನಡೆಯುತ್ತಿರುವುದು ಗೊತ್ತಾಯಿತು, ಗೊತ್ತಾಗಿ ಹೆದರಿಕೆಯಾಯಿತು. ಅವನು ಅದು ಸಿಗಲಿ ಎಂದು ಬಯಸುತ್ತಿದ್ದ. ಎರಡು ಚಿಟಿಕೆ ಬಿದ್ದ ಆ ಒಂದು ಸಿಕ್ಕಿಬಿಡಲಿ, ಮುಳ್ಳು ಹಾರಿ ಮೇಲೆ ಹೋಗಲಿ, ಇಬ್ಬರೂ ಅದನ್ನು ನೋಡಲಿ. ಸಿಕ್ಕರೆ ಬಂದದ್ದಕ್ಕೆ, ಹೇಳಿದ್ದಕ್ಕೆ, ಕೋವಿಯ ಮುಂದೆ ನಿಂತದ್ದಕ್ಕೆ ಒಂದು ಅರ್ಥ. ಸಿಗದಿದ್ದರೆ ತಾನು ಸತ್ತ ಹೆಂಡತಿಯ ಹೆಜ್ಜೆಗೆ ಉತ್ತರ ಕೊಡುವ ಒಬ್ಬ ಮುದುಕ, ಅಷ್ಟೆ. ಆರ್ಡಿಸಳ ಮುಖದ ಮೇಲೆ ಸಿಡಿಯಬಹುದಾಗಿದ್ದ ತೋಟಾಕ್ಕಾಗಿ ಹೀಗೆ ಹಂಬಲಿಸುತ್ತಿದ್ದೇನಲ್ಲ, ಥೂ, ಎಂದುಕೊಂಡ. ಎಂದುಕೊಳ್ಳುತ್ತಲೇ ಮುಂದಿನದನ್ನು ಬಡಿದ. ಸರಿ. ಅದರ ಮುಂದಿನದೂ ಸರಿ.

ಎಲ್ಲವೂ ಸರಿಯಾಗಿದ್ದವು. ಕೊನೆಯದರ ಮದ್ದನ್ನು ಅವನು ಎರಡು ಸಲ ತೂಗಿದ. ಮೇಜಿನ ಮೇಲೆ ಒಂದು ಕಡೆ ಗುಂಡುಗಳು, ಒಂದು ಕಡೆ ಖಾಲಿ ಕೊಳವೆಗಳು. ಎಂಥ ಕೈ ನನ್ನದು, ಮನಸ್ಸು ಅಡುಗೆಮನೆಯಲ್ಲಿದ್ದಾಗಲೂ ಒಂದು ಕಾಳು ಹೆಚ್ಚು ಕಮ್ಮಿ ಮಾಡಲಿಲ್ಲ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು. ಆರ್ಡಿಸ್ ಕನ್ನಡಕ ತೆಗೆದು ಬಾಯಿ ತುಂಬ ನಕ್ಕಳು. "ಸುಮ್ನೆ ಜೀವ ತೆಗೆದೆಯಲ್ಲೋ."

ಅವನೂ ನಕ್ಕ. "ಕೂತ್ಕೋ. ಈಗಲೇ ಮತ್ತೆ ತುಂಬಿಸಿ ಕೊಡ್ತೀನಿ. ನಾಲ್ಕು ಸಾಕು ನಾಳೆಗೆ. ನೀನೇ ಪಕ್ಕದಲ್ಲಿ ನಿಂತು ಟಾರ್ಚು ಹಿಡಿ, ಒಂದೊಂದೂ ನೋಡು." ಚಮಚಕ್ಕೆ ಕೈ ಚಾಚಿಯೇಬಿಟ್ಟಿದ್ದ.

ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು, ಮೇಲಿನದರಿಂದ ಶುರುಮಾಡಿ, ಒಂದೊಂದಾಗಿ. "ಹೊತ್ತಾಯ್ತು ಐನಾರ್. ಕೋಳಿ ಕೂಡಬೇಕು. ಬೆಳಿಗ್ಗೆ ಬೇಗ ಏಳಬೇಕು," ಎಂದಳು. ಆಮೇಲೆ, ಅವನು ಅಂಗಡಿಯಿಂದ ತಂದಿದ್ದ ಡಬ್ಬಿಯನ್ನು ಮೇಜಿನ ತುದಿಯಿಂದ ಎತ್ತಿಕೊಂಡಳು. "ಈ ವರ್ಷಕ್ಕೆ ಇದೇ ಆಗಲಿ. ತಂದಿದೀಯಲ್ಲ, ಹಾಳು ಯಾಕೆ ಮಾಡೋದು."

"ಅದು ಒದೆಯುತ್ತೆ."

"ಒಂದೆರಡು ಈಡಿಗೆ ಏನಾಗಲ್ಲ ಬಿಡು."

"ಎಲ್ಲ ಸರಿಯಾಗಿದ್ವು ಆರ್ಡಿಸ್. ನೀನೇ ನೋಡಿದೆ."

"ನೋಡ್ದೆ," ಎಂದಳು. "ಒಂದೂ ತಪ್ಪಿರಲಿಲ್ಲ." ಅವಳ ದನಿಯಲ್ಲಿ ಅಷ್ಟು ಅಕ್ಕರೆ ಇತ್ತು ಎಂದೇ ಅವನು ಚಮಚಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವಳು ಮೆಟ್ಟಿಲು ಹತ್ತಿ, ಅರ್ಧದಲ್ಲಿ ನಿಂತು ತಿರುಗಿ, "ಡೆಲ್ಬರ್ಟ್‌ಗಾಗಲಿ ಯಾರಿಗಾಗಲಿ ನಾನು ಹೇಳಲ್ಲ, ಆಯ್ತಾ?" ಎಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನ ಮಾನ ಅಡಿಕೆಗೂ ಅಲ್ಲ, ಏನೂ ಆಗದ್ದಕ್ಕೆ ಹೋಯಿತು. ಅವಳ ಗಾಡಿ ಹೋದ ಸದ್ದು ಪೂರ್ತಿ ಆರುವವರೆಗೆ ಅವನು ಹಾಗೇ ಕೂತಿದ್ದ. ಆಮೇಲೆ ಮದ್ದನ್ನೆಲ್ಲ ಕೂಡಿಸಿ ಹಿತ್ತಲಿಗೆ ಒಯ್ದು ಮಣ್ಣಿನ ಮೇಲೆ ಚೆಲ್ಲಿದ. ಬಿಚ್ಚಿದ ಮದ್ದನ್ನು ಡಬ್ಬಿಗೆ ವಾಪಸು ಹಾಕಬಾರದು.

ಶನಿವಾರ ಬೆಳಿಗ್ಗೆ ದೂರದ ಹಳ್ಳಗಳ ಕಡೆಯಿಂದ ಈಡುಗಳ ಸದ್ದು ಬರುತ್ತಲೇ ಇತ್ತು. ಅವನು ಹೊರಗೆ ಹೋಗಲಿಲ್ಲ, ರೇಡಿಯೋ ಹಾಕಿಕೊಂಡು ಕೂತ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆರ್ಡಿಸ್ ಬಂದಳು, ಬಿಳಿ ಕಾಗದದಲ್ಲಿ ಸುತ್ತಿದ ಪೊಟ್ಟಣ ತಂದಿದ್ದಳು. ಜಿಂಕೆಯ ಈಲಿಯೂ ಬೆನ್ನಿನ ಮಾಂಸವೂ, ಪ್ರತಿ ವರ್ಷದ ಹಾಗೆ. ಪೊಟ್ಟಣವನ್ನು ಎಡಗೈಯಲ್ಲಿ ಚಾಚಿದಳು. ಬಲಗೈ ಹೊಟ್ಟೆಗೆ ಒತ್ತಿಕೊಂಡೇ ಇತ್ತು. ಬಾಗಿದಾಗ ಅಂಗಿಯ ಕತ್ತುಪಟ್ಟಿ ಸರಿದು ಭುಜದ ಮೂಳೆಯ ಹತ್ತಿರ ಚರ್ಮ ಕಾಣಿಸಿತು, ನೇರಳೆಯೂ ಕೆಂಪೂ ಆಗಿ ಕತ್ತಿನವರೆಗೆ ಹಬ್ಬಿತ್ತು. ಅವಳು ಪಟ್ಟಿಯನ್ನು ಸರಿಮಾಡಿಕೊಂಡಳು.

"ಎಷ್ಟು ಈಡಿಗೆ ಬಿತ್ತು?" ಎಂದು ಕೇಳಿದ. ಏನಾದರೂ ಕೇಳಬೇಕಿತ್ತು.

"ಒಂದೇ. ಹಳ್ಳದಿಂದ ಮೇಲೆ ಹತ್ತುತ್ತಾ ಇತ್ತು. ಒಂದಕ್ಕೇ ಕೂತುಬಿಡ್ತು."

ಒಂದೇ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ತೋಟಾ. ಕಣ್ಣೆದುರೇ ತೂಗಿದ ಅಷ್ಟೂ ತೋಟಾಗಳಲ್ಲಿ, ತಾನೇ ಟಾರ್ಚು ಹಿಡಿದು ನೋಡಬಹುದಾಗಿದ್ದವುಗಳಲ್ಲಿ, ಒಂದನ್ನು ಕೂಡ ಅವಳು ನಂಬಲಿಲ್ಲ. ಅದರ ಬದಲು ಅಂಗಡಿಯ ತೋಟಾದ ಒದೆತಕ್ಕೆ ಮುರಿದ ಭುಜವನ್ನು ಕೊಟ್ಟಳು. ಅವನಿಗೆ ಸಿಟ್ಟು ಬರಲಿಲ್ಲ, ಅವಳ ಜಾಗದಲ್ಲಿ ತಾನಿದ್ದರೂ ಹಾಗೇ ಮಾಡುತ್ತಿದ್ದೆ, ಮಾಡಿ ಎಂದೇ ಎಲ್ಲರಿಗೂ ಪಾಠ ಹೇಳಿದ್ದು. ದುಃಖವಾಯಿತು. ಮಾವಿಸ್ ಹೋದ ದಿನಕ್ಕಿಂತ ಈಗ ತಾನು ಹೆಚ್ಚು ಒಂಟಿ ಎನ್ನಿಸಿತು. ಪೊಟ್ಟಣದ ತಣ್ಣನೆಯ ಭಾರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಬಾಗಿಲಲ್ಲಿ ನಿಂತ.

"ನೋವಿದೆಯಾ?"

"ಇಲ್ಲಪ್ಪ," ಎಂದಳು ಅವಳು. ಹೋಗಿ ಗಾಡಿ ಹತ್ತಿ, ಸ್ಟಿಯರಿಂಗಿನ ಕೆಳಗೆ ಬಲಗೈಯನ್ನು ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಬಾಗಿಲು ಎಳೆದುಕೊಂಡಳು.